ನೆನೆಯಬಾರದ ಮಗು

ನನ್ನನ್ನು ಮರೆಯಲಿಕ್ಕೆಂದೇ ನನ್ನ ಅಕ್ಕ ಸುಗುಣ ಮಗ್ಗಿ ಕಲಿತಳು. ಆಗ ಅವಳಿಗೆ ಹನ್ನೊಂದು ವರ್ಷ, ನನಗೆ ಎರಡು ತುಂಬಿತ್ತೋ ಇಲ್ಲವೋ. ಶಾಲೆಯ ಉಳಿದ ಮಕ್ಕಳು ಇಪ್ಪತ್ತರ ಮಗ್ಗಿಗೆ ಬರುವಷ್ಟರಲ್ಲಿ ಸುಸ್ತಾಗಿ ಕೂತಿದ್ದರೆ, ಅಕ್ಕ ಮೂವತ್ತು ದಾಟಿ, ನಲವತ್ತು ದಾಟಿ, ಯಾರಿಗೂ ಯಾವ ಕೆಲಸಕ್ಕೂ ಬೇಡದ ನಲವತ್ತೇಳರ ಮಗ್ಗಿಗೆ ಹೋಗಿ ನಿಂತಿದ್ದಳು. ಅಲ್ಲಿಗೆ ಹೋದ ಮೇಲೆ ನಾನು ಬದುಕಿದೆ.

ನಾವು ಹುಟ್ಟಿದ ಊರಿಗೆ ಮಳೆ ಅಪರೂಪ. ಸುತ್ತ ಬರೀ ಬಂಡೆ, ಬಂಡೆಯ ಸಂದಿನಲ್ಲಿ ಒಂದೊಂದು ಕಳ್ಳಿ. ಆದರೂ ಊರಿನ ಬೀದಿಯಲ್ಲಿ ಪೂರ್ತಿ ಒಣಗಿದ ಬಟ್ಟೆಯವರು ಸಿಗುವುದು ಕಡಿಮೆ. ಅಲ್ಲಿ ಯಾರನ್ನಾದರೂ ಯಾರಾದರೂ ನೆನೆದರೆ ಅವರು ನೆನೆಯುತ್ತಾರೆ. ನೆನೆಯುವವರು ಎಲ್ಲಿದ್ದರೂ ಸರಿ, ನೆನಪಿಗೆ ಬಂದವರು ಮಾತ್ರ ಊರಬಾಗಿಲಿನ ಕಲ್ಲುಗಳಿಂದ ಒಳಗೆ ಇರಬೇಕು. ಜ್ಞಾಪಿಸಿಕೊಳ್ಳುವುದಕ್ಕೂ ಒದ್ದೆಯಾಗುವುದಕ್ಕೂ ಒಂದೇ ಮಾತು ಎಲ್ಲ ಊರುಗಳಲ್ಲೂ ಇದೆ. ಬೇರೆ ಊರಿನವರು ಹಾಗೇಕೆ ಎಂದು ಕೇಳುವ ಗೋಜಿಗೆ ಹೋಗಿಲ್ಲ, ಅಷ್ಟೆ. ಅಲ್ಲಿನವರು ಕೇಳಬೇಕಾದ ಅಗತ್ಯವೇ ಇಲ್ಲ. ಬೆಳಿಗ್ಗೆ ಎದುರಾದವರನ್ನು ಅವರು ಊಟವಾಯಿತೇ ಎಂದು ವಿಚಾರಿಸುವುದಿಲ್ಲ, "ಒಣಗಿದ್ಯಾ?" ಎನ್ನುತ್ತಾರೆ. ಮಗಳು ಪರಊರಿಗೆ ಮದುವೆಯಾಗಿ ಹೋದ ತಾಯಂದಿರು ಸಂಜೆ ಹೊತ್ತು ಹೆಗಲ ಮೇಲೊಂದು ಟವಲು ಹಾಕಿಕೊಂಡೇ ಜಗಲಿಗೆ ಬರುತ್ತಾರೆ. ನೆಂಟರು ದಾರಿಯಲ್ಲಿದ್ದಾರೆ ಎಂಬುದು ಒಲೆಯ ಮುಂದೆ ಕೂತವಳ ಬೆನ್ನಿಗೆ ಮೊದಲು ಗೊತ್ತಾಗಿ, ಅವಳು ಇನ್ನೊಂದು ಪಾವು ಅಕ್ಕಿ ಸುರಿಯುತ್ತಾಳೆ. ಚನ್ನವೀರಪ್ಪ ಎಂಬ ಪಂಚಾಯಿತಿ ಮೆಂಬರು ಸಭೆಗೆ ಹೊರಡುವ ಮೊದಲು ಬಚ್ಚಲಿಗೆ ಹೋಗಿ ತಲೆಯ ಮೇಲೆ ಒಂದು ಬಕೆಟ್ ನೀರು ಸುರಿದುಕೊಂಡು ಬರುತ್ತಿದ್ದನಂತೆ. ಆದರೆ ಬೋರ್‌ವೆಲ್ಲಿನ ನೀರಿಗೆ ತುಕ್ಕಿನ ವಾಸನೆ. ನೆನಪಿನ ನೀರಿಗೆ ಯಾವ ವಾಸನೆಯೂ ಇಲ್ಲ. ಜನ ಮೂಗು ಹಿಡಿದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು. ಸ್ಮಶಾನವೊಂದರಲ್ಲೇ ಹುಲ್ಲು ಬೆಳೆಯುವ ಊರು ಅದು. ಊರ ದನಗಳೆಲ್ಲ ಅಲ್ಲೇ ಮೇಯುತ್ತವೆ, ಯಾರೂ ಬೇಡವೆನ್ನುವುದಿಲ್ಲ.

ಎಲ್ಲ ನೆನಪೂ ಒಂದೇ ಅಲ್ಲ ಎಂಬುದು ಅಲ್ಲಿನ ಚಿಕ್ಕ ಮಕ್ಕಳಿಗೂ ಗೊತ್ತು. ಪಕ್ಕದ ಮನೆಯಿಂದ ತಂದ ಜರಡಿ ವಾಪಸು ಕೊಡಬೇಕಲ್ಲ ಎಂದು ಜ್ಞಾಪಕವಾದರೆ ಜರಡಿಗೆ ಒಂದೆರಡು ಹನಿ ಬಿದ್ದಾವು, ಜರಡಿಯ ಯಜಮಾನಿಗೆ ಏನೂ ಆಗದು. ಎಷ್ಟೋ ಕಾಲದ ಮೇಲೆ ಸಂತೆಯಲ್ಲಿ ಸಿಕ್ಕಿದ ಮುಖದ ಗುರುತು ಹತ್ತಿದರೆ ಆ ಮುಖಕ್ಕೆ ಮಾತ್ರ ತೆಳುವಾಗಿ ಮಂಜು ಹಿಡಿದಂತೆ. ಬೈದುಕೊಂಡು ನೆನೆದರೆ ನೀರು ಬೆಚ್ಚಗಿರುತ್ತದೆ. "ನಾನು ಕೇಳಿದೆ ಅಂತ ಹೇಳು" ಎಂದು ಒಬ್ಬರು ಇನ್ನೊಬ್ಬರ ಕೈಲಿ ಹೇಳಿಕಳಿಸಿದರೆ, ಆ ಮಾತು ಒಪ್ಪಿಸುವವರೆಗೂ ತಂದವರ ಅಂಗೈ ಒದ್ದೆ. ಇನ್ನು ಹಂಬಲಿಸಿ ನೆನೆದರೆ ಬಟ್ಟೆ ಹಿಂಡಿದಷ್ಟೂ ಮುಗಿಯುವುದಿಲ್ಲ.

ಅಮ್ಮ ತೀರಿಕೊಂಡಾಗ ನಾನು ಅಕ್ಕನ ಸೊಂಟದ ಮೇಲಿದ್ದೆ. ಅಮ್ಮ ಹಾಸಿಗೆ ಹಿಡಿದಾಗಿನಿಂದಲೂ ಅಲ್ಲೇ ಇದ್ದೆನಂತೆ; ಇಳಿಸಿದರೆ ಅಳುತ್ತಿದ್ದೆನಂತೆ. ಅಪ್ಪ ಶಿವರುದ್ರಯ್ಯ ಕಲ್ಲಿನ ಕೆಲಸದವನು. ಅವನಿಗೆ ಅಮ್ಮನನ್ನು ನೆನೆಯುವುದೊಂದೇ ಕೆಲಸವಾಗಿ, ಅವಳ ಗುಡ್ಡೆಯ ಮೇಲೆ ಹುಲ್ಲು ಸೊಂಟದೆತ್ತರ ಬೆಳೆಯಿತು. ಮನೆಯಲ್ಲಿ ಮಾತ್ರ ಒಲೆ ಹೊತ್ತಲಿಲ್ಲ. ಮೇಲಿನ ಬೀದಿಯಲ್ಲಿ ಪಂಚಾಕ್ಷರಯ್ಯ, ಸರ್ವಮಂಗಳಮ್ಮ ಎಂಬ ಮಕ್ಕಳಿಲ್ಲದ ದಂಪತಿ ಇದ್ದರು. ಹಿರಿಯರು ಕೂತು ಮಾತಾಡಿ ನನ್ನನ್ನು ಅವರ ಮಡಿಲಿಗೆ ಹಾಕಿದರು. ಅಕ್ಕನನ್ನು ಯಾರೂ ಕೇಳಲಿಲ್ಲ. ಹನ್ನೊಂದು ವರ್ಷದವಳನ್ನು ಯಾರು ಕೇಳುತ್ತಾರೆ?

ಮೊದಲ ದಿನವೇ ನಾನು ನೆಂದು ತೊಪ್ಪೆಯಾದೆ. ಸರ್ವಮಂಗಳಮ್ಮ ಅಂಗಿ ಬದಲಿಸಿದಳು; ಗುಂಡಿ ಹಾಕುವಷ್ಟರಲ್ಲಿ ಅದೂ ಒದ್ದೆ. ತೊಟ್ಟಿಲ ಬಟ್ಟೆಯಿಂದ ನೀರು ತೊಟ್ಟಿಕ್ಕಿ ನೆಲದ ಮೇಲೆ ಹರಿದು ಹೊಸ್ತಿಲು ದಾಟಿತು. ಕೆಳಗಿನ ಬೀದಿಯಲ್ಲಿ ಅಕ್ಕನೂ ಹಾಗೆಯೇ ನೆನೆಯುತ್ತಿದ್ದಳು, ಏಕೆಂದರೆ ನಾನೂ ಅವಳಿಗಾಗಿ ಅಳುತ್ತಿದ್ದೆ. ಒಂದೇ ಊರಿನ ಎರಡು ತುದಿಯಲ್ಲಿ ಇಬ್ಬರು ಮಕ್ಕಳು ಒಬ್ಬರ ಮೇಲೊಬ್ಬರು ನೀರು ಸುರಿಯುತ್ತಿದ್ದರು. ಅವಳಿಗೆ ಒಂದು ಸೀನೂ ಬರಲಿಲ್ಲ. ನನಗೆ ಕೆಮ್ಮು ಹಿಡಿಯಿತು, ಎದೆಯಲ್ಲಿ ಕಫ ಗೊರಗೊರ ಎನ್ನತೊಡಗಿತು, ತುಟಿ ನೀಲಿಯಾಯಿತು. ಪಂಡಿತರು ಬಂದು ನಾಡಿ ಹಿಡಿದು, ಕಷಾಯ ಬರೆಯುವುದನ್ನು ಅರ್ಧಕ್ಕೆ ನಿಲ್ಲಿಸಿ, "ಇದಕ್ಕೆ ಔಷಧ ನನ್ನ ಹತ್ರ ಇಲ್ಲ ತಾಯಿ, ಕೆಳಗಿನ ಬೀದೀಲಿದೆ" ಎಂದರು.

ಸರ್ವಮಂಗಳಮ್ಮ ಇಳಿದು ಬಂದಾಗ ಅಕ್ಕ ಜಗಲಿಯ ಮೇಲೆ ಕೂತಿದ್ದಳು. ಬಂದವಳು ಬಯ್ಯಲಿಲ್ಲ. ಆ ಸಣ್ಣ ಹುಡುಗಿಯ ಮುಂದೆ ನೆಲದ ಮೇಲೆ ಕೂತು ಕೈ ಮುಗಿದಳು.

"ನಿನ್ನ ದಮ್ಮಯ್ಯ ಅಂತೀನಿ, ನೆನೀಬೇಡ ಕಂದಾ. ನೀನು ಹೀಗೆ ನೆನೀತಿದ್ರೆ ಮಗು ಉಳಿಯಲ್ಲ."

"ನಾನು ನೆನೀತಿಲ್ಲ ಅತ್ತೆ. ಅದಾಗೇ ಬರ್ತದೆ" ಎಂದಳಂತೆ ಅಕ್ಕ.

ಅಂದಿನಿಂದ ಅವಳು ಮರೆಯಲು ಕೂತಳು. ಮರೆಯಬೇಕು ಎಂದುಕೊಂಡಾಗಲೆಲ್ಲ ಯಾರನ್ನು ಎಂಬುದು ಮೊದಲು ನೆನಪಾಗುತ್ತಿತ್ತು. ಮೇಲಿನ ಬೀದಿಯಲ್ಲಿ ಇನ್ನೊಂದು ಕೊಡ ನೀರು ನನ್ನ ಮೇಲೆ ಬೀಳುತ್ತಿತ್ತು. ಕಣ್ಣು ಮುಚ್ಚಿ ನೋಡಿದಳು, ಬಂಡೆಗಳ ಮೇಲೆ ಓಡಿ ನೋಡಿದಳು, ನಾಲಿಗೆ ಕಚ್ಚಿಕೊಂಡು ನೋಡಿದಳು. ಕೊನೆಗೆ ಶಾಲೆಯ ತಿಪ್ಪೇಸ್ವಾಮಿ ಮೇಷ್ಟ್ರ ಹತ್ತಿರ ಹೋದಳು. ಮೇಷ್ಟ್ರು ಎಂದರೆ ಊರಿನಲ್ಲೇ ಅತ್ಯಂತ ಒದ್ದೆ ಮನುಷ್ಯ. ಅವರ ಕೈಲಿ ಓದಿದವರು ಯಾವ್ಯಾವುದೋ ದೇಶದಲ್ಲಿ ಕೂತು ಅವರನ್ನು ನೆನೆಯುತ್ತಿದ್ದರು. ಅವರು ತರಗತಿಯ ಒಳಗೇ ಕೊಡೆ ಬಿಚ್ಚಿಕೊಂಡು ಪಾಠ ಮಾಡುತ್ತಿದ್ದರು. ಕೆಲವು ಸಲ ಬೆಚ್ಚಗಿನ ನೀರೂ ಸುರಿಯುತ್ತಿತ್ತು. "ಇದು ಬೆತ್ತದ ಏಟು ತಿಂದವನು" ಎಂದು ನಗುತ್ತಿದ್ದರು.

ಅಕ್ಕ ಕೇಳಿದ್ದನ್ನು ಕೇಳಿ ಅವರು ನಗಲಿಲ್ಲ. ಕೊಡೆಯ ಕೆಳಗೆ ಅವಳಿಗೂ ಜಾಗ ಮಾಡಿಕೊಟ್ಟು, "ದಿನಾ ಬೆಳಿಗ್ಗೆ ನೀವೆಲ್ಲ ಮಗ್ಗಿ ಹೇಳ್ತೀರಲ್ಲ, ಯಾವತ್ತಾದ್ರೂ ಯಾರಾದ್ರೂ ಒದ್ದೆ ಆಗಿದ್ದು ನೋಡಿದ್ದೀಯ?" ಎಂದರು.

"ಇಲ್ಲ ಸಾ."

"ಅದೂ ನೆನಪೇ. ಆದ್ರೆ ಬಾಯಿಪಾಠದ ನೆನಪು. ಅದಕ್ಕೆ ನೀರಿಲ್ಲ ಮಗು. ಅವನು ಬಂದಾಗಲೆಲ್ಲ ನೀನು ಅದನ್ನ ಹೇಳು. ಸುಲಭದ್ದು ಬೇಡ, ಅದು ಬಾಯಿ ಹೇಳ್ತಿದ್ರೆ ಮನಸ್ಸು ಬೇರೆ ಕಡೆ ಹೋಗ್ತದೆ. ಕಷ್ಟದ್ದು ಹೇಳು."

ಹಾಗೆ ಅಕ್ಕ ನಲವತ್ತೇಳಕ್ಕೆ ಹೋದಳು. ನಾನು ಅವಳ ಮನಸ್ಸಿನೊಳಗೆ ತಲೆ ಹಾಕುವ ಸುಳಿವು ಸಿಕ್ಕಿದ ಕೂಡಲೇ, ರೊಟ್ಟಿ ತಟ್ಟುತ್ತಿರಲಿ, ಜಡೆ ಹಾಕಿಕೊಳ್ಳುತ್ತಿರಲಿ, ತುಟಿ ಅಲ್ಲಾಡುತ್ತಿತ್ತು. ಮೇಲಿನ ಬೀದಿಯಲ್ಲಿ ನನ್ನ ಅಂಗಿ ಮೊದಲ ಸಲ ಸಂಜೆಯವರೆಗೆ ಒಣಗಿ ಉಳಿಯಿತು. ಕೆಮ್ಮು ಇಳಿಯಿತು. ನಾನು ಸರ್ವಮಂಗಳಮ್ಮನ ಕೈಯಿಂದ ಅನ್ನ ತಿಂದೆ, ಅವಳನ್ನು ಅಮ್ಮ ಎಂದೆ. ಎರಡು ವರ್ಷದ ಮಗುವಿಗೆ ಮಗ್ಗಿ ಬೇಕಿಲ್ಲ, ಮರೆವು ತಾನಾಗಿ ಬರುತ್ತದೆ. ಒಂದು ಬೆಳಿಗ್ಗೆ ಅಕ್ಕ ಎದ್ದು ನೋಡಿದರೆ ಅವಳ ಲಂಗ, ಕುಪ್ಪಸ, ಜಡೆ ಎಲ್ಲವೂ ಗರಿಗರಿ ಒಣಗಿದ್ದವು. ನಾನು ಅವಳನ್ನು ಮರೆತಿದ್ದೆ ಎಂದು ಅವಳಿಗೆ ಗೊತ್ತಾಗಿದ್ದು ಹಾಗೆ.

ಇಷ್ಟಾದರೂ ಸರ್ವಮಂಗಳಮ್ಮನಿಗೆ ಧೈರ್ಯ ಬರಲಿಲ್ಲ. ಗಂಡ ಹೆಂಡತಿ ನನ್ನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಊರು ಬಿಟ್ಟರು. ಆಗ ಜನ ಅಕ್ಕನಿಗೆ ಹೇಳಿದರು: ಇನ್ನೇನು, ಮಗು ಊರಬಾಗಿಲು ದಾಟಿತು, ಈಗ ಎಷ್ಟು ಬೇಕಾದರೂ ನೆನೆದುಕೋ. ಅಕ್ಕ ನೆನೆಯಲಿಲ್ಲ. ಅವರು ಯಾವತ್ತಾದರೂ ಯಾವುದೋ ಕೆಲಸಕ್ಕೆಂದು ಊರಿಗೆ ಬಂದರೆ? ಬಸ್ಸು ಊರಬಾಗಿಲ ಒಳಗೆ ಕಾಲಿಟ್ಟ ಗಳಿಗೆಯಲ್ಲೇ ಅವಳು ಮೈಮರೆತು ನೆನೆಯುತ್ತಿದ್ದರೆ? ಬರುವ ದಿನ ಗೊತ್ತಿಲ್ಲದ್ದರಿಂದ ಅವಳಿಗೆ ಎಲ್ಲ ದಿನವೂ ಬರುವ ದಿನವೇ ಆಯಿತು.

ಅಪ್ಪ ಹೋದ ಮೇಲೆ ಅಕ್ಕ ಬಸ್‌ಸ್ಟ್ಯಾಂಡಿನ ಹಿಂದೆ ಒಣಗುಮನೆ ಇಟ್ಟಳು. ಆ ಊರಿನಲ್ಲಿ ಅಂಥ ಅಂಗಡಿಗೆ ಬರವಿಲ್ಲ. ದಾರಿಯಲ್ಲಿ ನೆಂದವರು ಒಳಗೆ ಬಂದು, ಪರದೆಯ ಹಿಂದೆ ಪಂಚೆ ಸುತ್ತಿಕೊಂಡು ಕೂರುತ್ತಾರೆ. ಬಟ್ಟೆ ಕೆಂಡದ ಅಗ್ಗಿಷ್ಟಿಕೆಯ ಮೇಲೆ ಒಣಗಿ, ಇಸ್ತ್ರಿಯಾಗಿ ಕೈಗೆ ಬರುತ್ತದೆ. ಈ ಕೆಲಸಕ್ಕೆ ಒಣಕೈ ಬೇಕು. ಅಕ್ಕನಷ್ಟು ಒಣಗಿದವರು ಊರಲ್ಲಿ ಇರಲಿಲ್ಲ. ದಿನವಿಡೀ ಅಂಗಡಿಯಲ್ಲಿ ಎಲ್ಲರ ಕಣ್ಣೆದುರೇ ಇರುವವಳನ್ನು ಯಾರು ನೆನೆಯುತ್ತಾರೆ? ಅವಳೂ ಯಾರನ್ನೂ ನೆನೆಯಳು. ಒಂದೆರಡು ಸಂಬಂಧ ಬಂದವು. ಬಂದವರು ಮನೆಗೆ ಹೋಗಿ ಅವಳನ್ನು ನೆನೆದಿದ್ದಕ್ಕೆ ಅವಳ ಸೆರಗಿನ ಅಂಚು ಸ್ವಲ್ಪ ಹಸಿಯಾಯಿತು, ಅವಳು ಅದನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಒಣಗಿಸಿಬಿಟ್ಟಳು. ಪಕ್ಕದಲ್ಲಿ ಹೂ ಕಟ್ಟುವ ಬೋರಮ್ಮ ಮಾತ್ರ ಕೆಣಕುತ್ತಿದ್ದಳು. "ನಿನ್ ಮಗ್ಗ್ಲಾಗೆ ಹೂ ಇಟ್ರೆ ಬಾಡ್ತವೆ ಕಣೆ. ಹಪ್ಪಳ ಇಟ್ಕಂಡ್ ಮಾರ್ತೀನಿ ನಾಳಿಂದ."

ಹೀಗೇ ಇದ್ದ ಒಂದು ದಿನ ಬೆಳಿಗ್ಗೆ, ಅಂಗಿಯೊಂದಕ್ಕೆ ಇಸ್ತ್ರಿ ಹಾಕುತ್ತಿದ್ದ ಅಕ್ಕನ ಎಡ ಸೊಂಟ ತಣ್ಣಗಾಯಿತು. ನೋಡಿದರೆ ಸೀರೆಯ ಮೇಲೆ ಅಂಗೈ ಅಗಲದ ಒದ್ದೆ.

"ಕೊಡ ಹೊತ್ತ್ಯೇನೆ?" ಎಂದಳು ಬೋರಮ್ಮ.

"ಇಲ್ವಲ್ಲ."

"ಹಂಗಾರೆ ಯಾರ್ಲಾ ಅದು, ನಲವತ್ತು ದಾಟಿದ್ ಮ್ಯಾಕೆ ಇವ್ಳ ಸೊಂಟ ನೆನೀತಿರೋನು!" ಬೋರಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಪರದೆಯ ಹಿಂದೆ ಪಂಚೆ ಸುತ್ತಿಕೊಂಡು ಕೂತಿದ್ದವರೆಲ್ಲ ನಕ್ಕರು. ಅಕ್ಕನೂ ನಕ್ಕಳು, ಅವಳಿಗೆ ಒಳಗೆ ಭಯವಾಗಿತ್ತು.

ಮಾರನೆಯ ಬೆಳಿಗ್ಗೆ ಅದೇ ಹೊತ್ತಿಗೆ ಮತ್ತೆ ಬಂತು. ದಿನ ಕಳೆದಂತೆ ಒದ್ದೆ ಹರಡಿತು. ಬೆನ್ನಿನ ಕಡೆಗೊಂದು ಪಟ್ಟಿ, ಹೊಟ್ಟೆಯ ಕಡೆಗೊಂದು ಪಟ್ಟಿ, ಎದೆಯ ಪಕ್ಕ, ಎಡಗಡೆಯ ಹೆಗಲಿನ ಮೇಲೆ ದುಂಡಗೆ. ಆಮೇಲೆ ಜಡೆಯ ತುದಿ. ಜಡೆಯ ಮೇಲ್ಭಾಗವೆಲ್ಲ ಒಣಗಿದ್ದು, ತುದಿಯ ನಾಲ್ಕು ಬೆರಳಷ್ಟು ಮಾತ್ರ, ಯಾರೋ ಬಾಯಲ್ಲಿಟ್ಟು ಚೀಪಿದಂತೆ, ತೊಟ್ಟಿಕ್ಕುತ್ತಿತ್ತು. ಮುಖಕ್ಕೆ ಒಂದು ಹನಿಯೂ ಬೀಳಲಿಲ್ಲ. ಊರವರಿಗೆ ಇದು ಅರ್ಥವಾಗಲಿಲ್ಲ. ಮುಖ ಬಿಟ್ಟು ನೆನೆಯುವವನು ಎಂಥವನು? ಗಂಡಸರು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿಕೊಂಡರು. ಇಬ್ಬರು ಹೆಂಡಂದಿರು ಗಂಡಂದಿರನ್ನು ಗಟ್ಟಿಸಿ ಕೇಳಿದ್ದೂ ಆಯಿತು.

ಅಕ್ಕ ಆ ಸೀರೆಯನ್ನು ಬಿಚ್ಚಿ, ಸುಕ್ಕು ಬಿಡಿಸಿ, ಅಂಗಡಿಯ ಮುಂದಿನ ಹಗ್ಗದ ಮೇಲೆ ಹರವಿದ ದಿನ ಎಲ್ಲರಿಗೂ ತಿಳಿಯಿತು. ಬೆಳಕು ಹಿಂದಿನಿಂದ ಬರುತ್ತಿತ್ತು. ತಿಳಿ ಹಳದಿ ಬಟ್ಟೆಯ ಮೇಲೆ ಕಡು ಒದ್ದೆಯಲ್ಲಿ ಒಂದು ಆಕಾರ. ಮೇಲೆ ದುಂಡಗೆ ಒರಗಿದ ತಲೆ, ಕೆಳಗೆ ಪುಟ್ಟ ಎದೆ, ಅದರ ಆಚೆಗೊಂದು ಈಚೆಗೊಂದು ಬಿಗಿಯಾಗಿ ತಬ್ಬಿದ ಕಾಲು. ಬೀದಿಯಲ್ಲಿ ಹೋಗುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಯಾರೋ ಚಪ್ಪಲಿ ಬಿಟ್ಟರು. ತಿಪ್ಪೇಸ್ವಾಮಿ ಮೇಷ್ಟ್ರು, ಈಗ ತುಂಬ ಮುದುಕರು, ಕೊಡೆ ಮಡಚಿದರು. ಅವರ ತಲೆಯ ಮೇಲೆ ಯಾರದೋ ನೆನಪು ಸುರಿಯುತ್ತಿದ್ದರೂ ಅವರು ಹಾಗೇ ನಿಂತು ನೋಡಿದರು.

"ಇದು ಕೂಸು ಕಣೆ" ಎಂದಳು ಬೋರಮ್ಮ, ಅವಳ ಬಾಯಿಂದ ಯಾರೂ ಎಂದೂ ಕೇಳಿರದಷ್ಟು ಮೆಲ್ಲಗೆ.

ಅಕ್ಕ ಸೀರೆಯ ಅಂಚು ಹಿಡಿದುಕೊಂಡು ನಲವತ್ತೇಳರ ಮಗ್ಗಿ ಹೇಳುತ್ತಿದ್ದಳು.

ಅದೇ ದಿನಗಳಲ್ಲಿ, ನೆನೆಯುವುದಕ್ಕೂ ನೆನೆಯುವುದಕ್ಕೂ ಸಂಬಂಧವೇ ಇಲ್ಲದ ಒಂದು ದೂರದ ಊರಿನಲ್ಲಿ, ಗುರುಶಾಂತ ಎಂಬ ಹೆಸರಿನ ನಾನು ಬೆಳಿಗ್ಗೆ ಹೊತ್ತು ಮಗಳು ಇಂಚರಳನ್ನು ಎತ್ತಿಕೊಂಡು ಹಾಲಿಗೆ ಹೋಗುತ್ತಿದ್ದೆ. ಅವಳಿಗೆ ವರ್ಷ ತುಂಬಿ ಸ್ವಲ್ಪ ಕಾಲವಾಗಿತ್ತು. ಒಂದು ದಿನ ಹೆಂಡತಿ ಶೈಲಜ ಬಾಗಿಲಲ್ಲಿ ನಿಂತು ನಕ್ಕಳು. "ಯಾವ ಗಂಡಸು ರೀ ಮಗೂನ ಹೀಗೆ ಸೊಂಟದ ಮೇಲೆ ಕೂರಿಸ್ಕೋತಾನೆ? ಹೆಂಗಸರ ಥರ ಸೊಂಟ ಬೇರೆ ಸೊಟ್ಟ ಮಾಡ್ತೀರ. ಯಾರು ಕಲಿಸಿದ್ದು?"

ಯಾರೂ ಕಲಿಸಿರಲಿಲ್ಲ. ಆದರೆ ಮೈಗೆ ಗೊತ್ತಿತ್ತು. ಅವಳು ಹಾಗೆ ಕೇಳಿದ ಗಳಿಗೆಯಲ್ಲಿ ನಾನು ಮಗುವನ್ನು ಎತ್ತಿಕೊಂಡವನಾಗಿರಲಿಲ್ಲ, ಎತ್ತಿಕೊಳ್ಳಲ್ಪಟ್ಟವನಾಗಿದ್ದೆ. ನನ್ನ ಕೆಳಗೆ ಒಂದು ಸಣ್ಣ, ಚೂಪಾದ ಸೊಂಟದ ಮೂಳೆ. ದೊಡ್ಡವರದಲ್ಲ. ಕೆನ್ನೆಯ ಕೆಳಗೆ ಹೊಗೆಯ ವಾಸನೆಯ ಕುಪ್ಪಸ. ಬಾಯಲ್ಲಿ ಜಡೆಯ ತುದಿಯ ರಿಬ್ಬನ್ನು. ಮುಖವಿಲ್ಲ, ಹೆಸರಿಲ್ಲ. ಇದನ್ನು ನೆನಪು ಎನ್ನಬಹುದೋ ಇಲ್ಲವೋ ನನಗೆ ತಿಳಿಯಲಿಲ್ಲ. ದಿನಾ ಬೆಳಿಗ್ಗೆ ಇಂಚರಳನ್ನು ಎತ್ತಿಕೊಂಡಾಗ ಅದು ಸ್ವಲ್ಪ ಸ್ವಲ್ಪವೇ ಬೆಳೆಯಿತು.

ನಾನು ಅಮ್ಮನನ್ನು, ಅಂದರೆ ಸರ್ವಮಂಗಳಮ್ಮನನ್ನು ಕೇಳಿದೆ. ಅವಳು ನಾರು ಬಿಡಿಸುತ್ತಿದ್ದ ಹುರುಳಿಕಾಯಿಯ ಮೊರವನ್ನು ಬದಿಗೆ ಸರಿಸಿದಳು. "ನಿಂಗೊಬ್ಳು ಅಕ್ಕ ಇದ್ಲು ಕಣಪ್ಪ. ನೀನು ಉಳೀಲಿ ಅಂತ ನಿನ್ನ ಮರ್ತಳು" ಎಂದಳು. ಎಲ್ಲ ಹೇಳಿದಳು. ಹೇಳಿ ಮುಗಿಸಿ, ಹೋಗಬೇಡ ಎಂದು ಅತ್ತಳು; ನಾನು ಹೊರಟಾಗ ಚೀಲದೊಳಗೆ ತಾನೇ ಎರಡು ಟವಲು ತುರುಕಿದಳು. "ನೀವು ಬರೋವರೆಗೆ ನಾನೂ ಶೈಲಜಾನೂ ಮಗ್ಗಿ ಹೇಳ್ತಿರ್ತೀವಿ, ನಿಮ್ಮನ್ನ ನೆನೆಯಲ್ಲ. ಅವಳಿಗೆ... ನಾನು ಕೇಳಿದೆ ಅಂತ ಹೇಳು."

ಶೈಲಜ ಪಾಠ ಮಾಡುವ ಶಾಲೆಗೆ ರಜೆ ಇರಲಿಲ್ಲ. ನಾನೂ ಇಂಚರಳೂ ಹೊರಟೆವು. ಬಸ್ಸು ಎರಡು ಕಲ್ಲುಕಂಬಗಳ ನಡುವೆ ನುಗ್ಗಿದ ಕೂಡಲೇ ನನ್ನ ಅಂಗೈ ಒದ್ದೆಯಾಯಿತು. ಬೆವರು ಎಂದುಕೊಂಡು ಪ್ಯಾಂಟಿಗೆ ಒರೆಸಿದೆ, ಮತ್ತೆ ಬಂತು. ಬಸ್‌ಸ್ಟ್ಯಾಂಡಿನ ಟೀ ಅಂಗಡಿಯವನು ಲೋಟ ಮುಂದೆ ಚಾಚಿದವನು ನನ್ನ ಕೈ ನೋಡಿ ಹಿಂದಕ್ಕೆಳೆದುಕೊಂಡ.

"ಯಾರ್ದೋ ಮಾತು ತಂದಿದ್ದೀರಿ ಸಾಮಿ. ಮೊದ್ಲು ಒಪ್ಸಿ ಬನ್ನಿ, ಟೀ ಎಲ್ಲೂ ಹೋಗಲ್ಲ."

ಸುಗುಣ ಎಂದು ಕೇಳಿದ್ದಕ್ಕೆ ಅವನು ತೋರಿಸಿದ ಒಣಗುಮನೆ ಅಲ್ಲೇ ಹಿಂದಿತ್ತು. ಅಗ್ಗಿಷ್ಟಿಕೆಯ ಮುಂದೆ ಬಗ್ಗಿ ನಿಂತ ಒಬ್ಬ ಹೆಂಗಸು, ಕಿವಿಯ ಹತ್ತಿರ ಒಂದಿಷ್ಟು ನರೆಗೂದಲು, ಬೆನ್ನ ಮೇಲೆ ಒಂದೇ ಜಡೆ. ನಾನು ಇಂಚರಳನ್ನು ಸೊಂಟದ ಮೇಲೆ ಸರಿಮಾಡಿಕೊಂಡು ಹೇಳಿದೆ: "ಸರ್ವಮಂಗಳಮ್ಮ ಅಂತ. ಅವರು ಕೇಳಿದೆ ಅಂತ ಹೇಳಿದ್ರು."

ಹೇಳಿದ್ದೇ ತಡ, ನನ್ನ ಅಂಗೈ ಒಣಗಿತು. ಅವಳು ತಿರುಗಿದಳು. ನನ್ನ ಮುಖ ನೋಡಲಿಲ್ಲ. ನೋಡಿದ್ದು ಸೊಂಟವನ್ನು, ಅದನ್ನು ತಬ್ಬಿದ ಮಗುವಿನ ಎರಡು ಕಾಲುಗಳನ್ನು. ತಕ್ಷಣ ಗೋಡೆಯ ಕಡೆಗೆ ತಿರುಗಿ, ಎರಡೂ ಕಿವಿ ಮುಚ್ಚಿಕೊಂಡು, ಗಟ್ಟಿಯಾಗಿ ಮಗ್ಗಿ ಹೇಳಲು ಶುರುಮಾಡಿದಳು.

"ಅಕ್ಕ" ಎಂದೆ.

"ಬೋರಕ್ಕ! ಮಗೂನ ಕರ್ಕೊಂಡು ಹೋಗಕ್ ಹೇಳು ಇವ್ರಿಗೆ. ಊರಬಾಗಿಲಿಂದ ಆಚೆ ಹೋಗಕ್ ಹೇಳು. ನಂಗೆ ತಡ್ಕೊಳಕ್ಕಾಗಲ್ಲ. ನಲವತ್ತೇಳೊಂದ್ಲಿ ನಲವತ್ತೇಳು..."

ಅಷ್ಟರಲ್ಲಿ ಅವಳು ನೆನೆಯತೊಡಗಿದ್ದಳು. ನನ್ನಿಂದ. ಕಣ್ಣೆದುರು ನಿಂತಿದ್ದ ಈ ಹೆಂಗಸನ್ನಲ್ಲ, ಆ ಚೂಪು ಮೂಳೆಯ ಹುಡುಗಿಯನ್ನು ನಾನು ನೆನೆಯುತ್ತಿದ್ದೆ, ನಿಲ್ಲಿಸಲು ನನಗೆ ಯಾವ ಮಗ್ಗಿಯೂ ಬರುತ್ತಿರಲಿಲ್ಲ. ಅವಳ ಸೊಂಟದಿಂದ ನೀರು ಇಳಿದು ಕೆಂಡದ ಮೇಲೆ ಬಿದ್ದು ಚುಂಯ್ ಎಂದು ಆವಿ ಎದ್ದಿತು. ಆವಿಯ ಆಚೆ ಅವಳು, ಈಚೆ ನಾನು. ನನ್ನ ಮೇಲೆ ಒಂದು ಹನಿಯೂ ಇಲ್ಲ. ಅಂಗಡಿಯಲ್ಲಿ ಕೂತವರು, ಬಾಗಿಲಲ್ಲಿ ಗುಂಪುಗೂಡಿದವರು, ಎಲ್ಲರೂ ಎಲ್ಲೋ ಒಂದು ಕಡೆ ಒದ್ದೆಯಾಗಿದ್ದರು. ಯಾರೋ ಅವರನ್ನು ನೆನೆಯುತ್ತಿದ್ದರು. ಆ ಒದ್ದೆ ಜನರ ನಡುವೆ ಬಂಡೆಯ ಹಾಗೆ ಒಣಗಿ ನಿಂತಿದ್ದವನು ನಾನೊಬ್ಬನೇ, ಅದೂ ಸ್ವಂತ ಅಕ್ಕನ ಮುಂದೆ. ಅವಳು ಯಾಕೆ ಹಾಗೆ ಮಾಡುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಎಲ್ಲಾದರೂ ಹಸಿಯಿದೆಯೇ ಎಂದು ಅಂಗಿಯ ತೋಳು ಮುಟ್ಟಿ ನೋಡಿಕೊಂಡೆ.

ಇಂಚರಳನ್ನು ಬೋರಮ್ಮನ ಕೈಗೆ ಕೊಟ್ಟೆ. ಬೋರಮ್ಮ ಅವಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಅಕ್ಕ, ಮಗು ಇಲ್ಲಿಲ್ಲ ಈಗ. ನಾನೊಬ್ನೇ ಇರೋದು. ನಂಗೆ ಮೂವತ್ತು ದಾಟಿದೆ. ನೆಗಡಿ ಆದ್ರೆ ಒಂದು ಮಾತ್ರೆ ನುಂಗ್ತೀನಿ, ಅಷ್ಟೆ. ಎರಡು ಟವಲು ಬೇರೆ ತಂದಿದ್ದೀನಿ."

ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಅಕ್ಕನ ದನಿ ಏರಿತು. "ನಲವತ್ತೇಳಾರ್ಲಿ ಇನ್ನೂರ ಎಂಬತ್ತೆರಡು. ನಲವತ್ತೇಳೇಳ್ಲಿ ಮುನ್ನೂರ ಇಪ್ಪತ್ತೊಂಬತ್ತು. ನಲವತ್ತೇಳೆಂಟ್ಲಿ..." ಉಸ್ಸೆಂದು ಉಸಿರೆಳೆದುಕೊಂಡಳು. ಆ ಒಂದು ಉಸಿರಿನ ಬಿಡುವಿನಲ್ಲಿ ನಾನು ತಿಣುಕಿ ತಿಣುಕಿ ಗುಣಿಸಿದೆ. ಲೆಕ್ಕದಲ್ಲಿ ನಾನು ಯಾವತ್ತೂ ಹಿಂದೆ.

"ಮುನ್ನೂರ ಎಪ್ಪತ್ತಾರು" ಎಂದೆ.

ಇಷ್ಟು ವರ್ಷ ಆ ಮಗ್ಗಿಯ ಒಳಗೆ ಅವಳೊಬ್ಬಳದೇ ದನಿ ಇತ್ತು. ನನ್ನನ್ನು ಹೊರಗಿಡಲು ಕಟ್ಟಿದ ಗೋಡೆಯ ಒಳಗಿನಿಂದ ನಾನೇ ಮಾತಾಡಿದಂತಾಗಿತ್ತು. ಅವಳ ತುಟಿ ಮುಂದಿನ ಅಂಕಿಗೆ ತೆರೆಯಿತು, ತೆರೆದೇ ಇತ್ತು, ಏನೂ ಬರಲಿಲ್ಲ.

ನೀರು ಬಂತು.

ಮೇಲಿನಿಂದ ಬೀಳಲಿಲ್ಲ. ನನ್ನ ಕಾಲ್ಬೆರಳುಗಳ ಸಂದಿನಿಂದ ಎದ್ದಿತು, ಪಾದ ಮುಳುಗಿತು, ಪ್ಯಾಂಟಿನ ಅಂಚು ಭಾರವಾಯಿತು. ಬಿಸಿಯೂ ಅಲ್ಲ, ತಂಪೂ ಅಲ್ಲ. ಮೈಯ ಶಾಖದ್ದೇ ನೀರು. ಮೂವತ್ತು ವರ್ಷ ತಡೆದಿಟ್ಟದ್ದು ಒಮ್ಮೆಗೇ ಬರುವಾಗಿನ ರಭಸ ಅದಕ್ಕಿತ್ತು. ಕಾಲ ಸುತ್ತ ಸುಳಿಯಾಗಿ ತಿರುಗಿ, ಹೊಸ್ತಿಲು ಹಾರಿ, ಬೀದಿಗಿಳಿದು, ಬಸ್ಸುಗಳ ಗಾಲಿ ಬಳಸಿಕೊಂಡು ಹರಿಯಿತು. ಆಡುಗಳು ಬಂದು ಬಾಯಿ ಹಾಕಿದವು. ಜನ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಇಂಥ ನೀರನ್ನು ಆ ಊರು ಕೂಡ ನೋಡಿರಲಿಲ್ಲ. ನೀರು ಏರುತ್ತ ಏರುತ್ತ ನನ್ನ ಮೊಣಕಾಲು ಮುಚ್ಚಿತು, ಅದರ ಮೇಲೆ ಒಂದು ಗೇಣು ಬಂತು, ಅಲ್ಲಿಗೆ ನಿಂತುಬಿಟ್ಟಿತು. ಎಷ್ಟು ಸುರಿದರೂ ಗೆರೆ ಎಳೆದಂತೆ ಅಷ್ಟೇ. ಅಲ್ಲಿಂದ ಮೇಲೆ ನನ್ನ ಅಂಗಿ ಇಸ್ತ್ರಿಯ ಗರಿ ಕೂಡ ಮುರಿಯದೆ ಒಣಗಿತ್ತು.

ಅಕ್ಕ ಕಿವಿಯಿಂದ ಕೈ ತೆಗೆದು, ನಿಧಾನವಾಗಿ ತಿರುಗಿ, ಆ ಗೆರೆಯನ್ನು ನೋಡಿದಳು. ಹತ್ತಿರ ಬಂದು ಬಗ್ಗಿ ಅದರ ಮೇಲೆ ಅಂಗೈ ಇಟ್ಟಳು, ಮಗುವಿನ ನೆತ್ತಿಯ ಮೇಲೆ ಇಟ್ಟ ಹಾಗೆ.

"ಇಷ್ಟೇ ಇದ್ದಿದ್ದು ಕಣೋ ನೀನು" ಎಂದಳು. "ಸರಿಯಾಗಿ ಇಷ್ಟೇ."

ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದಳು. ಗುರುತು ಹತ್ತಲಿಲ್ಲ. ಹತ್ತಲು ಅಲ್ಲಿ ಅವಳಿಗೆ ಗೊತ್ತಿದ್ದ ಮುಖವೇ ಇರಲಿಲ್ಲ. ಅಪರಿಚಿತನ ಮುಖ ನೋಡಿದಂತೆ ನಾಚಿಕೊಂಡು, "ಕೂತ್ಕೊಳ್ಳಿ" ಎಂದಳು. ತಕ್ಷಣ "ಕೂತ್ಕೋ" ಎಂದು ತಿದ್ದಿದಳು. ನನ್ನ ಪ್ಯಾಂಟನ್ನು ಕೆಂಡದ ಮೇಲೆ ಹಿಡಿದು, ನನಗೊಂದು ಪಂಚೆ ಕೊಟ್ಟು, "ಉಳಿದಿದ್ದು ಹೇಳು" ಎಂದಳು.

ಹೇಳಿದೆ. ಶಾಲೆ, ಲೆಕ್ಕದಲ್ಲಿ ಫೇಲಾದದ್ದು, ಹಲ್ಲು ಮುರಿದುಕೊಂಡದ್ದು, ಶೈಲಜಳನ್ನು ಮೊದಲು ನೋಡಿದ್ದು. ಅಕ್ಕ ಕಣ್ಣು ಮಿಟುಕಿಸದೆ ಕೇಳಿದಳು. ಬೀದಿಯ ಅರ್ಧ ಜನ ಬಾಗಿಲಲ್ಲಿ ನಿಂತು ನನ್ನ ಕಾಲಿನ ಗೆರೆಯನ್ನೇ ಕಾಯುತ್ತಿದ್ದರು. ಅದು ಕದಲಲಿಲ್ಲ.

"ಅಷ್ಟೊತ್ನಿಂದ ಹೇಳ್ತಾನೇ ಅವ್ನೆ, ಒಂದ್ ಬೆರಳೂ ಮ್ಯಾಕೇರ್ಲಿಲ್ವಲ್ಲೇ!" ಎಂದು ಬೋರಮ್ಮ ಬೇಸರಪಟ್ಟಳು. ಇಂಚರ ಅವಳ ತೊಡೆಯ ಮೇಲೆ ಮಲ್ಲಿಗೆ ಮೊಗ್ಗು ತಿನ್ನುತ್ತಿದ್ದಳು.

"ಹೇಗೆ ಏರ್ತದೆ ಬೋರಮ್ಮ?" ಎಂದರು ಮೇಷ್ಟ್ರು. "ಅವಳು ಈಗ ಕೇಳ್ತಾ ಇದ್ದಾಳೆ. ಕೇಳೋದೇ ಬೇರೆ, ನೆನೆಯೋದೇ ಬೇರೆ. ಮನುಷ್ಯ ಎದುರಿಗಿಂದ ಎದ್ದು ಹೋಗಬೇಕು ಮೊದಲು."

ಮರುದಿನ ಬೆಳಿಗ್ಗೆ ಅಕ್ಕ ಉಪ್ಪಿಟ್ಟಿಗೆ ಇಟ್ಟು, ಬಾಳೆಹಣ್ಣು ತಂದುಬಿಡು ಎಂದು ನನ್ನನ್ನು ಕಳಿಸಿದಳು. ಇಂಚರ ಅವಳ ಸೊಂಟದ ಮೇಲಿದ್ದಳು. ಅತ್ತೆಯ ಎಡಗಿವಿಯನ್ನು ಹಿಡಿದು ಎಳೆಯುತ್ತಿದ್ದಳು. ನಾನು ಬೀದಿಯ ತಿರುವು ದಾಟಿ ಹಣ್ಣಿನಂಗಡಿಯ ಮುಂದೆ ನಿಂತೆ. ಗೊನೆಗಳನ್ನು ಮುಟ್ಟಿ ನೋಡುತ್ತಿದ್ದಾಗ ಮೊಣಕಾಲು ಒದ್ದೆಯಾಯಿತು. ಅದು ಗೊತ್ತಿದ್ದದ್ದೇ. ಆದರೆ ನೀರು ನಿಲ್ಲಲಿಲ್ಲ. ತೊಡೆಗೆ ಬಂತು, ಬೆಲ್ಟು ದಾಟಿತು, ಅಂಗಿಯ ಜೇಬು ತುಂಬಿತು. ಅಲ್ಲಿ ಅಕ್ಕ ಒಲೆಯ ಮುಂದೆ ರವೆ ಹುರಿಯುತ್ತ ಲೆಕ್ಕದಲ್ಲಿ ಫೇಲಾದ ಹುಡುಗನನ್ನು, ಹಲ್ಲು ಮುರಿದುಕೊಂಡವನನ್ನು, ಮದುಮಗನನ್ನು ಒಬ್ಬೊಬ್ಬರಾಗಿ ದಾಟಿ ಬರುತ್ತಿದ್ದಳು. ಎದೆ, ಕುತ್ತಿಗೆ. ಗಲ್ಲದ ಹತ್ತಿರ ಸ್ವಲ್ಪ ಹೊತ್ತು ತಡೆಯಿತು. ಅವಳು ನಿನ್ನೆ ನೋಡಿದ ಅಪರಿಚಿತನ ಮುಖವನ್ನು ಹುಡುಕುತ್ತಿದ್ದಳು. ನಾನು ಉಸಿರು ಹಿಡಿದು ನಿಂತೆ. ತುಟಿ ಒದ್ದೆಯಾಯಿತು, ಮೂಗು, ರೆಪ್ಪೆ, ಹಣೆ, ಕೂದಲು.

ಅಂಗಡಿಯವನು ಏನೂ ಕೇಳದೆ ಹೆಗಲ ಮೇಲಿನ ಟವಲು ತೆಗೆದು ಚಾಚಿದ. "ತಿಂಡಿ ಆದಂಗದೆ ಸಾಮಿ. ಕರೀತಾವ್ರೆ, ಓಗಿ."

ನಾನು ಟವಲು ತೆಗೆದುಕೊಳ್ಳಲಿಲ್ಲ. ಈಗಲೇ ಹೋದರೆ ಅವಳ ಕಣ್ಣೆದುರು ಬರುತ್ತೇನೆ. ಆ ಗೊನೆ ಬೇಡ, ಇನ್ನೊಂದು ತೋರಿಸಿ ಎಂದೆ. ಅದನ್ನೂ ತಿರುಗಿಸಿ ತಿರುಗಿಸಿ ನೋಡಿ, ಹಿಂದಿನ ಸಾಲಿನಲ್ಲಿರುವುದು ಹೇಗಿದೆ ಎಂದು ಕೇಳಿದೆ.